ಸೂಜಿ ಸಣ್ಣದು, ಅವಸರ ದೊಡ್ಡದು

ದವಡೆಯ ಬಗ್ಗೆ ಯಾವ ದೂರೂ ಇಲ್ಲದ, ಚಕ್ಕುಲಿಯನ್ನು ನಿರಾಯಾಸವಾಗಿ ಕಡಿಯಬಲ್ಲ ಆರೋಗ್ಯವಂತರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಿವಿಯ ಮುಂದಿನ ಕೀಲಿನ ಚಿತ್ರ ತೆಗೆದರೆ ಏನು ಕಾಣುತ್ತದೆ? 1980ರ ದಶಕದ ಕೊನೆಯಿಂದ ಇಂಥ ಅಧ್ಯಯನಗಳು ನಡೆದಿವೆ. ಸುಮಾರು ಮೂವರಲ್ಲಿ ಒಬ್ಬರಿಗೆ ಕೀಲಿನೊಳಗಿನ ಬಿಲ್ಲೆ ತನ್ನ ಜಾಗ ಬಿಟ್ಟು ಮುಂದಕ್ಕೆ ಸರಿದಿರುವುದು ಕಂಡುಬಂದಿದೆ. ಅವರಿಗೆ ನೋವಿಲ್ಲ, ಬಾಯಿ ಚೆನ್ನಾಗಿಯೇ ತೆರೆಯುತ್ತದೆ. ದೋಷ ಇರುವುದು ಚಿತ್ರದಲ್ಲಿ ಮಾತ್ರ.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ದವಡೆ ಕೀಲಿನ ಚಿಕಿತ್ಸೆ ಇಂದು ಸಾಗುತ್ತಿರುವ ದಿಕ್ಕನ್ನು ನೋಡಬೇಕು. ಒಂದು ಕಡೆ ಸ್ಕ್ಯಾನಿಂಗ್ ಸುಲಭವಾಗಿದೆ. ಇನ್ನೊಂದು ಕಡೆ ಕೀಲನ್ನು ತೆರೆಯದೆ ಸೂಜಿ ಚುಚ್ಚಿ ತೊಳೆಯುವ, ತೆಳುವಾದ ದರ್ಶಕ ನಳಿಕೆಯನ್ನು ಒಳಗೆ ಬಿಟ್ಟು ನೋಡುವ, ಔಷಧವನ್ನು ನೇರವಾಗಿ ಕೀಲಿಗೇ ಹಾಕುವ ವಿಧಾನಗಳು ಬಂದಿವೆ. ಪ್ರತ್ಯೇಕವಾಗಿ ನೋಡಿದರೆ ಎರಡೂ ಪ್ರಗತಿಯೇ. ಎರಡೂ ಒಟ್ಟಿಗೆ ಸೇರಿದಾಗ ತೊಂದರೆ ಶುರುವಾಗುತ್ತದೆ. ದೋಷ ಹುಡುಕಿದರೆ ಸಿಗುತ್ತದೆ, ಸಿಕ್ಕಿದ್ದಕ್ಕೆ ಏನಾದರೂ ಮಾಡುವುದು ಸುಲಭವಾಗಿದೆ. ಹೀಗಾದಾಗ ತಾನಾಗಿಯೇ ವಾಸಿಯಾಗಬಹುದಾದವರೂ ಚಿಕಿತ್ಸೆಯ ಮೇಜಿಗೆ ಬರುತ್ತಾರೆ. ಈ ವಿಧಾನಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಜೋರಾಗಿ ನಡೆಯುತ್ತಿದೆ. ಆದರೆ ಪುರಾವೆಗಳನ್ನು ಒಟ್ಟಾಗಿ ಓದಿದರೆ ಬೇರೆಯೇ ಒಂದು ಮಾತು ಹೊರಡುತ್ತದೆ: ಈ ವಿಧಾನಗಳ ನಡುವಿನ ವ್ಯತ್ಯಾಸ ಸಣ್ಣದು. ಯಾರಿಗೆ, ಯಾವಾಗ ಮಾಡಿದ್ದು ಎಂಬುದರಿಂದ ಆಗುವ ವ್ಯತ್ಯಾಸ ದೊಡ್ಡದು.

ಮೊದಲು ಕೀಲಿನ ರಚನೆ. ಕೆಳದವಡೆಯ ಎರಡು ಗುಂಡುತಲೆಗಳು ಎಡ ಬಲ ಕಿವಿಗಳ ಮುಂದೆ, ತಲೆಬುರುಡೆಯ ಒಂದೊಂದು ಕುಳಿಯಲ್ಲಿ ಕೂತಿವೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಆ ತಲೆ ಸರಿಯುವುದು ಬೆರಳಿಗೇ ತಿಳಿಯುತ್ತದೆ. ಮೂಳೆಗೂ ಮೂಳೆಗೂ ನಡುವೆ ಗಟ್ಟಿ ನಾರಿನ ತೆಳು ಬಿಲ್ಲೆಯೊಂದಿದೆ; ವೈದ್ಯರು ಡಿಸ್ಕ್ ಎನ್ನುವುದು ಇದನ್ನೇ. ಅದು ಕೀಲನ್ನು ಮೇಲಿನ ಮತ್ತು ಕೆಳಗಿನ ಎರಡು ಕೋಣೆಗಳಾಗಿ ವಿಂಗಡಿಸುತ್ತದೆ. ಎರಡರಲ್ಲೂ ಜಾರುವ ದ್ರವವಿದೆ. ಬಾಯಿಯನ್ನು ಮೊದಲ ಸುಮಾರು 25 ಮಿಲಿಮೀಟರ್ ತೆರೆಯುವಾಗ ಗುಂಡುತಲೆ ನಿಂತಲ್ಲೇ ತಿರುಗುತ್ತದೆ. ಆ ಬಳಿಕ ಬಿಲ್ಲೆಯ ಸಮೇತ ಮುಂದಕ್ಕೆ ಜಾರುತ್ತದೆ. ವಯಸ್ಕರ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಸಾಮಾನ್ಯವಾಗಿ 40 ಮಿಲಿಮೀಟರ್ ಅಥವಾ ಹೆಚ್ಚು ಅಂತರ ಬರುತ್ತದೆ. ಅವರವರದೇ ಮೂರು ಬೆರಳು ಒಟ್ಟಾಗಿ ಬಾಯೊಳಗೆ ಹೋಗಬೇಕು ಎಂಬ ಸರಳ ಪರೀಕ್ಷೆಯ ಹಿಂದಿರುವುದು ಇದೇ ಅಳತೆ.

ಬಿಲ್ಲೆ ಮುಂದೆ ಸರಿದು, ಬಾಯಿ ತೆರೆದಾಗ ಮತ್ತೆ ಜಾಗಕ್ಕೆ ಬಂದರೆ 'ಕಟಕ್' ಎಂಬ ಸದ್ದಾಗುತ್ತದೆ. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಬಿಲ್ಲೆ ವಾಪಸ್ ಬರದೆ ಮುಂದೆಯೇ ನಿಂತರೆ ಗುಂಡುತಲೆಯ ಜಾರುವಿಕೆಗೆ ಅಡ್ಡಿಯಾಗುತ್ತದೆ. ಬಾಯಿ 25–30 ಮಿಲಿಮೀಟರ್‌ಗೇ ನಿಂತುಬಿಡುತ್ತದೆ. 'ದವಡೆ ಹಿಡಿದುಕೊಂಡಿದೆ' ಎಂದು ಜನ ಹೇಳುವ ಸ್ಥಿತಿಗಳಲ್ಲಿ ಇದೊಂದು. ವೈದ್ಯಕೀಯದಲ್ಲಿ ಇದಕ್ಕೆ ಕ್ಲೋಸ್ಡ್ ಲಾಕ್ ಎನ್ನುತ್ತಾರೆ. ಮೂರನೆಯ ಬಗೆ ಸವೆತ. ಮೂಳೆಯ ಮೇಲ್ಮೈ ಒರಟಾಗಿ ಕರಕರ ಸದ್ದು ಬರುತ್ತದೆ. ಈ ಎಲ್ಲಕ್ಕಿಂತ ಸಾಮಾನ್ಯವಾದ ಬಗೆಯೊಂದಿದೆ: ಕೀಲಿನೊಳಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲದೆ, ಅಗಿಯುವ ಸ್ನಾಯುಗಳು ಬಿಗಿದು ನೋಯುವುದು. ಅಮೆರಿಕದ ಸರ್ಕಾರಿ ಅಂದಾಜಿನಂತೆ ಜನಸಂಖ್ಯೆಯ ಶೇ 5ರಿಂದ 12ರಷ್ಟು ಮಂದಿಗೆ ಇವುಗಳಲ್ಲಿ ಒಂದಲ್ಲ ಒಂದು ತೊಂದರೆ ಇದೆ. ಚಿಕಿತ್ಸೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು.

ಏನೂ ಮಾಡದಿದ್ದರೆ ಏನಾಗುತ್ತದೆ? ಚಿಕಿತ್ಸೆಗಳನ್ನು ಹೋಲಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಿಲ್ಲೆ ಮುಂದೆ ಸರಿದು ವಾಪಸ್ ಬಾರದ 40 ರೋಗಿಗಳನ್ನು ಚಿಕಿತ್ಸೆ ಕೊಡದೆ ಸುಮಾರು ಎರಡೂವರೆ ವರ್ಷ ಗಮನಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಹತ್ತಿರಹತ್ತಿರ ಶೇ 40ರಷ್ಟು ಮಂದಿಗೆ ತೊಂದರೆ ಪೂರ್ತಿ ಹೋಗಿತ್ತು. ಮೂರನೇ ಒಂದು ಭಾಗದಷ್ಟು ಜನರಿಗೆ ಕಡಿಮೆಯಾಗಿತ್ತು. ಸುಮಾರು ಕಾಲು ಭಾಗಕ್ಕೆ ಸುಧಾರಣೆ ಇರಲಿಲ್ಲ. ಅಂದರೆ ಸುಮಾರು ನಾಲ್ವರಲ್ಲಿ ಮೂವರು ಕಾಲಕ್ರಮದಲ್ಲಿ ತಾವಾಗಿಯೇ, ಪೂರ್ತಿಯಾಗಿಯೋ ಭಾಗಶಃವೋ, ಚೇತರಿಸಿಕೊಳ್ಳುತ್ತಾರೆ. ಬಿಲ್ಲೆಯ ಹಿಂದಿನ ಮೃದು ಅಂಗಾಂಶ ದಪ್ಪವಾಗಿ, ಒತ್ತಡ ತಾಳುವ ಗುಣ ಪಡೆದು, ಬಿಲ್ಲೆಯ ಕೆಲಸವನ್ನು ಒಂದಿಷ್ಟು ತಾನೇ ಮಾಡುತ್ತದೆ. ಹಾಗಾಗಿ ಯಾವುದೇ ಚಿಕಿತ್ಸೆ 'ನೂರಕ್ಕೆ ಎಪ್ಪತ್ತೈದು ಮಂದಿಗೆ ಗುಣ ಕೊಟ್ಟಿತು' ಎಂದರೆ, ಹೋಲಿಕೆಯ ಗುಂಪಿಲ್ಲದೆ ಆ ಅಂಕಿಗೆ ಹೆಚ್ಚಿನ ಅರ್ಥವಿಲ್ಲ.

ಈಗ ವಿಧಾನಗಳು. ಮೊದಲನೆಯದು ಆರ್ಥ್ರೋಸೆಂಟೆಸಿಸ್, ಅಂದರೆ ಕೀಲನ್ನು ತೊಳೆಯುವುದು. ಇಸ್ರೇಲಿನ ಡೋರಿಟ್ ನಿಟ್ಜಾನ್ ಮತ್ತು ಸಂಗಡಿಗರು 1991ರಲ್ಲಿ ಇದನ್ನು ವಿವರಿಸಿದರು. ಕಿವಿಯ ಮುಂದೆ ಎರಡು ಸೂಜಿಗಳನ್ನು ಮೇಲಿನ ಕೋಣೆಗೆ ಇಳಿಸುತ್ತಾರೆ. ಒಂದರಿಂದ ಸಲೈನ್ ಅಥವಾ ರಿಂಗರ್ಸ್ ದ್ರಾವಣ ಒಳಹೋಗುತ್ತದೆ, ಇನ್ನೊಂದರಿಂದ ಹೊರಬರುತ್ತದೆ. 100ರಿಂದ 300 ಮಿಲಿಲೀಟರ್ ಹರಿಸಿ, ಕೊನೆಯಲ್ಲಿ ದವಡೆಯನ್ನು ಕೈಯಿಂದ ಆಡಿಸುತ್ತಾರೆ. ಇದರಿಂದ ಎರಡು ಕೆಲಸವಾಗುತ್ತದೆ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ತೊಳೆದುಹೋಗುತ್ತವೆ. ಜೊತೆಗೆ, ನಡುವೆ ತೆಳು ನೀರಿರುವ ಎರಡು ಗಾಜಿನ ಹಾಳೆಗಳು ಅಂಟಿಕೊಳ್ಳುವಂತೆ ಕುಳಿಗೆ ಅಂಟಿದ್ದ ಬಿಲ್ಲೆಯನ್ನು ದ್ರವದ ಒತ್ತಡ ಬಿಡಿಸುತ್ತದೆ. ಸ್ಥಳೀಯ ಅರಿವಳಿಕೆ ಸಾಕು. ಅದೇ ದಿನ ಮನೆಗೆ ಹೋಗಬಹುದು. ಅಪಾಯಗಳು ಕಡಿಮೆ, ಆದರೆ ಸೊನ್ನೆಯಲ್ಲ: ಸುತ್ತಲಿನ ಅಂಗಾಂಶಕ್ಕೆ ದ್ರವ ಸೋರುವುದು, ಮುಖದ ನರದ ತಾತ್ಕಾಲಿಕ ದುರ್ಬಲತೆ, ಅಪರೂಪಕ್ಕೆ ಕಿವಿಯ ನಾಳಕ್ಕೆ ಗಾಯ.

ಎರಡನೆಯದು ಆರ್ಥ್ರೋಸ್ಕೋಪಿ. ಜಪಾನಿನ ಮಸತೋಶಿ ಓನಿಶಿ 1975ರಲ್ಲಿ ಈ ಪುಟ್ಟ ಕೀಲಿನೊಳಗೆ ಮೊದಲು ಇಣುಕಿದವರು. ಸುಮಾರು ಎರಡು ಮಿಲಿಮೀಟರ್ ದಪ್ಪದ ನಳಿಕೆಯ ಮೂಲಕ ಒಳಗಿನದನ್ನು ಪರದೆಯ ಮೇಲೆ ನೋಡುತ್ತಾ ಅಂಟುಗಳನ್ನು ಬಿಡಿಸಬಹುದು, ತುಣುಕು ತೆಗೆದು ಪರೀಕ್ಷೆಗೆ ಕಳಿಸಬಹುದು. ನುರಿತ ಕೈಗಳು ಬಿಲ್ಲೆಯನ್ನು ಹಿಂದಕ್ಕೆಳೆದು ಹೊಲಿಗೆಯನ್ನೂ ಹಾಕುತ್ತವೆ. ಇದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಉಪಕರಣ ದುಬಾರಿ, ಕಲಿಕೆ ದೀರ್ಘ. ನರ, ರಕ್ತನಾಳ, ಕಿವಿ ಇವುಗಳಿಗೆ ಪೆಟ್ಟಾಗುವ ಸಂಭವ ಬರೀ ಸೂಜಿಗಿಂತ ಸ್ವಲ್ಪ ಹೆಚ್ಚು.

ಮೂರನೆಯದು ಚುಚ್ಚುಮದ್ದು. ಇದನ್ನು ತೊಳೆಯುವಿಕೆಯ ಜೊತೆಗೂ ಕೊಡುತ್ತಾರೆ, ಪ್ರತ್ಯೇಕವಾಗಿಯೂ ಕೊಡುತ್ತಾರೆ. ಕೀಲಿನ ದ್ರವದಲ್ಲಿ ಸಹಜವಾಗಿಯೇ ಇರುವ ಹಯಲುರಾನಿಕ್ ಆಮ್ಲ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್, ರೋಗಿಯ ರಕ್ತವನ್ನೇ ಯಂತ್ರದಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ಕಣಗಳನ್ನು ಸಾಂದ್ರಗೊಳಿಸಿದ ಪಿಆರ್‌ಪಿ, ಇವು ಮೂರು ಮುಖ್ಯವಾದವು. ದೊಡ್ಡ ಆಸ್ಪತ್ರೆ ಬೇಕಿಲ್ಲ. ಒಂದು ಕ್ಲಿನಿಕ್ಕು, ಒಂದು ಸೆಂಟ್ರಿಫ್ಯೂಜ್ ಯಂತ್ರ ಇದ್ದರೆ ಸಾಕು. ಬೇಗ ಹರಡಬಲ್ಲದ್ದು ಇದೇ.

ಹೋಲಿಕೆ ಮಾಡಿದವರು ಕಂಡದ್ದೇನು? ವೈದ್ಯಕೀಯ ಪುರಾವೆಗಳನ್ನು ಒರೆಹಚ್ಚುವ ಕೊಕ್ರೇನ್ ಸಂಸ್ಥೆ 2009ರಲ್ಲಿ ತೊಳೆಯುವಿಕೆಯ ಪ್ರಯೋಗಗಳನ್ನು ಜಾಲಾಡಿತು. ಅದರ ಮಾನದಂಡಕ್ಕೆ ನಿಂತದ್ದು ಎರಡೇ ಪ್ರಯೋಗ, ಒಟ್ಟು 81 ರೋಗಿಗಳು. ಎರಡರಲ್ಲೂ ತೊಳೆಯುವಿಕೆಯನ್ನು ಆರ್ಥ್ರೋಸ್ಕೋಪಿಯ ಜೊತೆ ಹೋಲಿಸಲಾಗಿತ್ತು. ನೋವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಬಾಯಿ ತೆರೆಯುವಿಕೆಯಲ್ಲಿ ಆರ್ಥ್ರೋಸ್ಕೋಪಿ ಸುಮಾರು 5 ಮಿಲಿಮೀಟರ್ ಮುಂದಿತ್ತು. ತೊಳೆಯುವಿಕೆಯ ಪರವಾಗಲಿ ವಿರುದ್ಧವಾಗಲಿ ತೀರ್ಪು ಕೊಡಲು ಇಷ್ಟು ಪುರಾವೆ ಸಾಲದು ಎಂದು ಸಮೀಕ್ಷಕರು ಬರೆದರು.

ಇನ್ನೂ ಕಠಿಣವಾದ ಪ್ರಶ್ನೆಯನ್ನು ಅಮೆರಿಕದ ಪ್ರಯೋಗವೊಂದು ಕೇಳಿತ್ತು. ಅದು 2007ರಲ್ಲಿ ಪ್ರಕಟವಾಯಿತು. ಕ್ಲೋಸ್ಡ್ ಲಾಕ್ ಇದ್ದ 106 ಮಂದಿಯನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಔಷಧ ಮತ್ತು ಸಲಹೆ, ಒಂದಕ್ಕೆ ವ್ಯಾಯಾಮ, ಹಲ್ಲಿಗೆ ತೊಡಿಸುವ ಸ್ಪ್ಲಿಂಟ್ ಮುಂತಾದ ಪುನಶ್ಚೇತನ, ಒಂದಕ್ಕೆ ಆರ್ಥ್ರೋಸ್ಕೋಪಿ, ಕೊನೆಯದಕ್ಕೆ ಕೀಲು ತೆರೆದು ಶಸ್ತ್ರಚಿಕಿತ್ಸೆ. ಐದು ವರ್ಷ ಹಿಂಬಾಲಿಸಿದರು. ನಾಲ್ಕೂ ಗುಂಪುಗಳು ಸುಧಾರಿಸಿದವು, ಅವುಗಳ ನಡುವೆ ಗಣನೀಯ ಅಂತರ ಇರಲಿಲ್ಲ. ಶಸ್ತ್ರಚಿಕಿತ್ಸೆ ವ್ಯರ್ಥ ಎಂದು ಇದರ ಅರ್ಥವಲ್ಲ. ಚಾಕು ಹಿಡಿಯದೆಯೂ ಅಲ್ಲಿಗೇ ತಲುಪಬಹುದು ಎಂದು ಅರ್ಥ. ಅಪಾಯ ಕಡಿಮೆ ಇರುವ ದಾರಿಯಲ್ಲಿ ಮೊದಲು ನಡೆಯಬೇಕು ಎಂಬ ತೀರ್ಮಾನ ಇದರಿಂದ ತಾನಾಗಿಯೇ ಬರುತ್ತದೆ.

ಇನ್ನೊಂದು ಮಗ್ಗುಲೂ ಇದೆ. ನೆದರ್‌ಲೆಂಡ್ಸ್‌ನಲ್ಲಿ 80 ರೋಗಿಗಳ ಮೇಲೆ ನಡೆದು 2014ರಲ್ಲಿ ವರದಿಯಾದ ಪ್ರಯೋಗದಲ್ಲಿ, ಮೊದಲ ಹೆಜ್ಜೆಯಾಗಿಯೇ ಕೀಲು ತೊಳೆಸಿಕೊಂಡವರ ನೋವು ಸಾಂಪ್ರದಾಯಿಕ ಚಿಕಿತ್ಸೆಯ ಗುಂಪಿಗಿಂತ ಬೇಗ ಇಳಿಯಿತು. ಇಪ್ಪತ್ತಾರು ವಾರಗಳ ಹೊತ್ತಿಗೆ ದವಡೆಯ ಕಾರ್ಯಕ್ಷಮತೆಯಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮವಾಗಿದ್ದವು, ನೋವಿನಲ್ಲಿ ಮಾತ್ರ ಅಲ್ಪ ಅಂತರ ಉಳಿದಿತ್ತು. ಹಲವು ಚಿಕಿತ್ಸೆಗಳನ್ನು ಒಂದೇ ಜಾಲದಲ್ಲಿಟ್ಟು ಹೋಲಿಸಿದ 2020ರ ವಿಶ್ಲೇಷಣೆಯೊಂದು, ಕೀಲಿನಿಂದಲೇ ಹುಟ್ಟುವ ನೋವಿಗೆ ಹಯಲುರಾನಿಕ್ ಆಮ್ಲ ಅಥವಾ ಪಿಆರ್‌ಪಿ ಸಹಿತದ ಸಣ್ಣ ವಿಧಾನಗಳನ್ನು ಸಾಂಪ್ರದಾಯಿಕ ಚಿಕಿತ್ಸೆಗಿಂತ ಮೇಲೆ ಇಟ್ಟಿತು. ಸೂಜಿಯನ್ನು ಬೇಗ ಹಿಡಿಯಬೇಕೆನ್ನುವವರು ಆಧಾರವಾಗಿ ತೋರಿಸುವುದು ಇಂಥವನ್ನೇ.

ಆದರೆ 2023ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಯಿತು. 153 ಪ್ರಯೋಗಗಳಲ್ಲಿ ಪರೀಕ್ಷೆಗೊಳಗಾದ 59 ಬಗೆಯ ಚಿಕಿತ್ಸೆಗಳ ವಿಶ್ಲೇಷಣೆ ಅದರ ಬೆನ್ನಿಗಿತ್ತು. ಮೂರು ತಿಂಗಳು ಮೀರಿದ ದವಡೆ ನೋವಿಗೆ ಅದು ಬಲವಾಗಿ ಶಿಫಾರಸು ಮಾಡಿದ್ದು ಮನೋವರ್ತನೆಯ ಚಿಕಿತ್ಸೆ, ತಜ್ಞರ ಮೇಲ್ವಿಚಾರಣೆಯ ದವಡೆ ವ್ಯಾಯಾಮ, ಕೈಯಿಂದ ಸ್ನಾಯು ಸಡಿಲಿಸುವುದು, ಮನೆಯಲ್ಲಿ ಮಾಡುವ ವ್ಯಾಯಾಮ, ತಿಳಿವಳಿಕೆ ಮತ್ತು ಧೈರ್ಯ ಹೇಳುವುದು, ಇವನ್ನು. ಆರ್ಥ್ರೋಸೆಂಟೆಸಿಸ್, ಹಯಲುರಾನಿಕ್ ಆಮ್ಲ, ಸ್ಟೀರಾಯ್ಡ್ ಮತ್ತು ಬೊಟುಲಿನಮ್ ಚುಚ್ಚುಮದ್ದುಗಳ ವಿರುದ್ಧ ಅದು ಷರತ್ತುಬದ್ಧ ಶಿಫಾರಸು ಕೊಟ್ಟಿತು. ಅಂದರೆ ಪೂರ್ಣ ಮಾಹಿತಿ ಸಿಕ್ಕರೆ ಹೆಚ್ಚಿನ ರೋಗಿಗಳು ಬೇಡ ಎನ್ನುತ್ತಾರೆ ಎಂದು. ಬಿಲ್ಲೆಯನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು ಬಲವಾಗಿಯೇ ವಿರೋಧಿಸಿತು. ಸ್ನಾಯುವಿನ ನೋವನ್ನೂ ಕೀಲಿನ ನೋವನ್ನೂ ಒಟ್ಟಿಗೆ ಅಳೆದರೆ ಕೀಲಿನ ಚಿಕಿತ್ಸೆ ಸೋತಂತೆ ಕಾಣುವುದು ಸಹಜ ಎಂಬ ಆಕ್ಷೇಪ ಈ ಮಾರ್ಗಸೂಚಿಯ ಮೇಲಿದೆ. ಅದರಲ್ಲಿ ಹುರುಳಿದೆ.

ಪುರಾವೆಗಳು ಹೀಗೆ ಎರಡು ಬದಿಗೆ ಎಳೆಯಲು ಕಾರಣಗಳಿವೆ. ಒಂದು, ಜನ ವೈದ್ಯರ ಬಳಿ ಹೋಗುವುದು ನೋವು ತುತ್ತತುದಿಯಲ್ಲಿರುವಾಗ. ಆ ತುದಿಯಿಂದ ನೋವು ಹೇಗೂ ಇಳಿಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಆಗ ಯಾವ ಚಿಕಿತ್ಸೆ ನಡೆಯುತ್ತಿತ್ತೋ ಅದಕ್ಕೆ ಹೆಸರು ಬರುತ್ತದೆ. ಎರಡು, ಸೂಜಿ ಚುಚ್ಚಿಸಿಕೊಂಡವರಿಗೆ ತಮಗೆ ಸೂಜಿ ಬಿದ್ದಿದೆ ಎಂದು ಗೊತ್ತಿರುತ್ತದೆ. ನಿರೀಕ್ಷೆಯೇ ನೋವನ್ನು ಒಂದಿಷ್ಟು ತಗ್ಗಿಸುತ್ತದೆ. ಮೂರು, ಪ್ರಯೋಗಗಳು ಸಣ್ಣವು, ಹಿಂಬಾಲಿಸಿದ ಅವಧಿ ಚಿಕ್ಕದು. ಆರು ತಿಂಗಳ ಫಲಿತಾಂಶ ನೋಡಿ ಹತ್ತು ವರ್ಷದ ಕೀಲಿನ ಬಗ್ಗೆ ಹೇಳಲಾಗದು.

ಈ ಮೂರನೆಯ ಕಾರಣಕ್ಕೆ ಭಾರಿ ಬೆಲೆ ತೆತ್ತ ಉದಾಹರಣೆ ಇದೇ ಕೀಲಿನ ಇತಿಹಾಸದಲ್ಲಿದೆ. 1980ರ ದಶಕದಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರು ಹಾಳಾದ ಬಿಲ್ಲೆಯನ್ನು ತೆಗೆದು, ಆ ಜಾಗಕ್ಕೆ ಹ್ಯೂಸ್ಟನ್‌ನ ವೈಟೆಕ್ ಕಂಪನಿ ತಯಾರಿಸಿದ ಪ್ರೋಪ್ಲಾಸ್ಟ್-ಟೆಫ್ಲಾನ್ ಹಾಳೆ ಇಡುತ್ತಿದ್ದರು. 1983ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಮಾರಾಟಕ್ಕೆ ಅವಕಾಶ ಕೊಟ್ಟಿತ್ತು. ಈಗಾಗಲೇ ಬಳಕೆಯಲ್ಲಿರುವ ವಸ್ತುಗಳನ್ನು ಹೋಲುತ್ತದೆ ಎಂಬ ಆಧಾರವೇ ಸಾಕಾಗಿತ್ತು, ರೋಗಿಗಳ ಮೇಲಿನ ಪ್ರಯೋಗ ಬೇಕಿರಲಿಲ್ಲ. ಆರಂಭದ ವರದಿಗಳು ಉತ್ಸಾಹದಿಂದ ಕೂಡಿದ್ದವು. ಆದರೆ ಅಗಿಯುವ ಒತ್ತಡಕ್ಕೆ ಟೆಫ್ಲಾನ್ ಸವೆದು ಪುಡಿಯಾಯಿತು. ಆ ಕಣಗಳನ್ನು ನುಂಗಲು ಬಂದ ದೈತ್ಯಕೋಶಗಳು ಸುತ್ತಲಿನ ಮೂಳೆಯನ್ನೇ ಕರಗಿಸತೊಡಗಿದವು. ಕೆಲವರಲ್ಲಿ ಕುಳಿಯ ಚಾವಣಿ, ಅಂದರೆ ಮಿದುಳಿನ ತಳಕ್ಕಿರುವ ಮೂಳೆ, ತೂತಾಯಿತು. 1990–91ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿ ಅವನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ 25 ಸಾವಿರಕ್ಕೂ ಹೆಚ್ಚು ಇಂಪ್ಲಾಂಟ್‌ಗಳು ಮಾರುಕಟ್ಟೆ ಸೇರಿದ್ದವು. ಹಲವರಿಗೆ ಒಂದರ ಮೇಲೊಂದು ಶಸ್ತ್ರಚಿಕಿತ್ಸೆ ಬೇಕಾಯಿತು.

ಸೂಜಿಯೂ ಸಲೈನೂ ಟೆಫ್ಲಾನ್ ಅಲ್ಲ. ಅವು ಒಳಗೆ ಉಳಿಯುವುದಿಲ್ಲ, ಹಾನಿಯ ಪ್ರಮಾಣ ಹೋಲಿಕೆಗೇ ಸಿಗದು. ಆದರೆ ನಿರ್ಧಾರ ಕೈಗೊಳ್ಳುವ ಬಗೆಯಲ್ಲಿ ಹೋಲಿಕೆಯಿದೆ. ನಂಬಲರ್ಹವಾಗಿ ತೋರುವ ಒಂದು ಕಾರ್ಯವಿಧಾನ, ಕೆಲವು ತಿಂಗಳ ಒಳ್ಳೆಯ ಫಲಿತಾಂಶ, ವಿಫಲರಾದವರನ್ನು ಯಾರೂ ಲೆಕ್ಕವಿಡದಿರುವುದು. ಇಂಥ ವಾತಾವರಣದಲ್ಲಿ ಹಾನಿ ಬರುವುದು ಒಂದು ಚುಚ್ಚಿನಿಂದಲ್ಲ, ಚುಚ್ಚುಗಳ ಸರಣಿಯಿಂದ. ಸ್ನಾಯುನೋವಿನ ರೋಗಿಯೊಬ್ಬರು ಸ್ಕ್ಯಾನ್ ಮಾಡಿಸುತ್ತಾರೆ ಎಂದುಕೊಳ್ಳಿ. ಮೂರರಲ್ಲಿ ಒಂದು ಸಂಭವದಂತೆ ಬಿಲ್ಲೆ ಸರಿದಿರುವುದು ಕಾಣುತ್ತದೆ. ಕೀಲು ತೊಳೆಯುತ್ತಾರೆ. ನೋವಿನ ಮೂಲ ಅಲ್ಲಿಲ್ಲದ್ದರಿಂದ ಅದು ಮರಳುತ್ತದೆ. ಆಗ ಪಿಆರ್‌ಪಿ, ಅದಾದ ಮೇಲೆ ಸ್ಟೀರಾಯ್ಡ್. ಸ್ಟೀರಾಯ್ಡ್ ಮತ್ತೆ ಮತ್ತೆ ಬಿದ್ದರೆ ಮೃದ್ವಸ್ಥಿಗೆ ಹಾನಿಯಾಗುವ ಅಪಾಯವಿದೆ. ಗುಂಡುತಲೆ ಇನ್ನೂ ಬೆಳೆಯುತ್ತಿರುವ ಮಕ್ಕಳಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಈ ನಡುವೆ ನೋವು ತಿಂಗಳುಗಟ್ಟಲೆ ಎಳೆದಾಗ ಮಿದುಳು ಮತ್ತು ನರಗಳು ನೋವಿನ ಸಂಕೇತವನ್ನು ತಾವೇ ಹಿಗ್ಗಿಸಲು ಕಲಿಯುತ್ತವೆ. ಕೇಂದ್ರೀಯ ಸೂಕ್ಷ್ಮಗ್ರಾಹಿತ್ವ ಎಂದು ಕರೆಯುವ ಈ ಹಂತ ತಲುಪಿದ ಮೇಲೆ ಕೀಲನ್ನು ಎಷ್ಟು ರಿಪೇರಿ ಮಾಡಿದರೂ ನೋವು ಆ ಪ್ರಮಾಣದಲ್ಲಿ ಇಳಿಯದು. ಸರಣಿಯ ಕೊನೆಯ ಮೆಟ್ಟಿಲು ಕೃತಕ ಕೀಲು. ಅಲ್ಲಿನ ದೀರ್ಘಕಾಲದ ಅಧ್ಯಯನಗಳು ಹೇಳುವುದೂ ಇದನ್ನೇ: ಹಿಂದೆ ಶಸ್ತ್ರಚಿಕಿತ್ಸೆಗಳು ಹೆಚ್ಚಾದಷ್ಟೂ ಕೃತಕ ಕೀಲಿನಿಂದ ಸಿಗುವ ಪರಿಹಾರ ಕಡಿಮೆ.

ಇನ್ನೊಂದು ಬಗೆಯ ಹಾನಿ ನಮ್ಮ ನೆಲಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. ಅಡಿಕೆ ಬೆಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮೊದಲು. ಅಡಿಕೆ ಜಗಿಯುವವರಿಗೆ, ಗುಟ್ಕಾ ತಿನ್ನುವವರಿಗೆ ಬಾಯಿ ತೆರೆಯದಿರಲು ಕೀಲು ಕಾರಣವಾಗಿರಬೇಕಿಲ್ಲ. ಅಡಿಕೆಯಲ್ಲಿನ ಅರೆಕೋಲಿನ್ ಮುಂತಾದ ಅಂಶಗಳು ಕೆನ್ನೆಯ ಒಳಪದರದ ಕೆಳಗೆ ಗಟ್ಟಿ ನಾರು ಬೆಳೆಸುತ್ತವೆ. ಕೆನ್ನೆ ಬಿಳಿಚಿ, ಬಿರುಸಾಗಿ, ಖಾರ ತಿಂದರೆ ಉರಿಯುತ್ತದೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟವಾದ ವರದಿಯಲ್ಲಿ ವರ್ಗೀಕರಿಸಿದೆ. ಇಂಥವರ ಕೀಲು ತೊಳೆದರೆ ಸಮಯ ಹಾಳು. ಕ್ಯಾನ್ಸರಿನ ಹಾದಿಯಲ್ಲಿ ಹಾಳಾದ ತಿಂಗಳುಗಳನ್ನು ಮರಳಿ ತರಲಾಗದು. ಹಾಗೆಯೇ ಗದ್ದ ಊರಿ ಬಿದ್ದ ಮಗುವಿನ ಬಾಯಿ ಕ್ರಮೇಣ ಚಿಕ್ಕದಾಗುತ್ತಾ ಬಂದರೆ, ಗುಂಡುತಲೆ ಮುರಿದು ಬುರುಡೆಗೆ ಬೆಸೆದುಕೊಳ್ಳುತ್ತಿರಬಹುದು. ಅಲ್ಲಿ ಸೂಜಿಯಿಂದ ಉಪಯೋಗವಿಲ್ಲ. ತೆರೆದ ಶಸ್ತ್ರಚಿಕಿತ್ಸೆಯೇ ಬೇಕು, ಅದೂ ತಡಮಾಡದೆ, ಯಾಕೆಂದರೆ ಮುಖದ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಹಾಗಾದರೆ ಸೂಜಿ ಯಾರಿಗೆ? ನಿಜವಾದ ಕ್ಲೋಸ್ಡ್ ಲಾಕ್ ಇರುವವರಿಗೆ, ಕೀಲಿನೊಳಗೇ ನೋವು ಇದೆ ಎಂದು ಕೈಪರೀಕ್ಷೆಯಿಂದ ಖಚಿತವಾದವರಿಗೆ, ಕೆಲವು ವಾರಗಳ ವ್ಯಾಯಾಮ, ಮೆತ್ತನೆಯ ಆಹಾರ, ಔಷಧದಿಂದ ಬಗ್ಗದವರಿಗೆ ತೊಳೆಯುವಿಕೆ ಒಂದು ಒಳ್ಳೆಯ ಸಾಧನ. ಅವರ ವಿಷಯದಲ್ಲಿ ವರ್ಷಗಟ್ಟಲೆ ತಳ್ಳುವುದೂ ತಪ್ಪು. ಒಳಗಿನದನ್ನು ನೋಡಲೇಬೇಕಾದಾಗ, ತುಣುಕು ತೆಗೆಯಬೇಕಾದಾಗ, ತೊಳೆದರೂ ಬಿಡದ ಅಂಟು ಇದ್ದಾಗ ಆರ್ಥ್ರೋಸ್ಕೋಪಿಯ ಸರದಿ. ಈ ಕ್ರಮ ತಪ್ಪಲು ಕಾರಣ ದುರುದ್ದೇಶವೇ ಆಗಬೇಕಿಲ್ಲ. ಅರ್ಧ ಗಂಟೆ ಕೂತು ವ್ಯಾಯಾಮ ಕಲಿಸುವುದಕ್ಕೆ, ಹೆದರಬೇಡಿ ಎಂದು ವಿವರಿಸಿ ಹೇಳುವುದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕವಿಲ್ಲ. ಚುಚ್ಚಿದ್ದಕ್ಕೆ ಇದೆ. ಪುರಾವೆ ಬಲವಾಗಿ ಶಿಫಾರಸು ಮಾಡುವ ಚಿಕಿತ್ಸೆಯೇ ಆರ್ಥಿಕವಾಗಿ ದುರ್ಬಲವಾಗಿರುವಾಗ, ವ್ಯವಸ್ಥೆ ಯಾವ ಕಡೆ ವಾಲುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ವಾಲುವಿಕೆಯನ್ನು ತಡೆಯಲು ದುಬಾರಿ ಉಪಕರಣ ಬೇಡ. ಚುಚ್ಚುವ ಮೊದಲು ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು, ಯಾವ ವ್ಯಾಯಾಮವನ್ನು ಎಷ್ಟು ವಾರ ಮಾಡಿದ್ದಾರೆ ಎಂದು ಬರೆದಿಡುವುದು. ಚುಚ್ಚಿದ ಆರು ತಿಂಗಳು, ಒಂದು ವರ್ಷ, ಐದು ವರ್ಷಕ್ಕೆ ಮತ್ತೆ ಅಳೆಯುವುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಅನೇಕ ದಂತ ವೈದ್ಯಕೀಯ ಕಾಲೇಜುಗಳಿವೆ. ಅವು ಒಂದೇ ನಮೂನೆಯ ದಾಖಲೆ ಇಟ್ಟರೆ, 81 ಅಥವಾ 106 ರೋಗಿಗಳ ಪ್ರಯೋಗಗಳನ್ನು ನೆಚ್ಚಿಕೊಂಡಿರುವ ಈ ಕ್ಷೇತ್ರಕ್ಕೆ ಕೆಲವೇ ವರ್ಷಗಳಲ್ಲಿ ಸಾವಿರಾರು ಜನರ ಮಾಹಿತಿ ಸಿಗುತ್ತದೆ. ರೋಗಿಯೂ ನಾಲ್ಕು ಪ್ರಶ್ನೆ ಕೇಳಬಹುದು: ನನ್ನ ನೋವು ಸ್ನಾಯುವಿನದೋ ಕೀಲಿನದೋ? ಏನೂ ಮಾಡದಿದ್ದರೆ ಆರು ತಿಂಗಳಲ್ಲಿ ಏನಾಗಬಹುದು? ಚುಚ್ಚಿದ ಮೇಲೂ ಗುಣವಾಗದಿದ್ದರೆ ಮುಂದಿನ ಹೆಜ್ಜೆ ಏನು? ಎಲ್ಲಿಗೆ ನಿಲ್ಲಿಸುತ್ತೀರಿ?

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರವಿರುವ ಕಡೆ ಸೂಜಿ ಸುರಕ್ಷಿತ. ಉತ್ತರವಿಲ್ಲದ ಕಡೆ, ಒಂದೊಂದಾಗಿ ನಿರುಪದ್ರವಿ ಎನಿಸುವ ಚುಚ್ಚುಗಳೇ ಕೂಡಿಕೊಂಡು, ಇನ್ನು ಹತ್ತು ವರ್ಷಕ್ಕೆ ಕೃತಕ ಕೀಲಿನ ಸರದಿಯಲ್ಲಿ ನಿಂತ ರೋಗಿಗಳಾಗಿ ಲೆಕ್ಕಕ್ಕೆ ಬರುತ್ತವೆ. ಆ ಲೆಕ್ಕವನ್ನು ಆಗ ಮಾಡುವ ಬದಲು ಈಗ ಶುರುಮಾಡಲು ಬೇಕಿರುವುದು ಒಂದು ಅಳತೆಪಟ್ಟಿ, ಒಂದು ದಾಖಲೆ ಪುಸ್ತಕ, ಕೆಲವು ವಾರ ಕಾಯುವ ತಾಳ್ಮೆ.